ಗುಬ್ಬಿಯ ಹಾಡಿಗೆ ಒಂದು ಸೌಂಡ್ ಕಾರ್ಡ್

ಫೆಬ್ರುವರಿ 3, ಸೋಮವಾರ

ಇವತ್ತು ಗುಬ್ಬಿ ಸ್ಟುಡಿಯೋದಲ್ಲಿ ಬಾಯಿಯೇ ತೆರೆಯಲಿಲ್ಲ.

ಗಾಜಿನ ಆ ಕಡೆ ಅವಳೊಬ್ಬಳೇ, ಕಿವಿಗೆ ಮುಖಕ್ಕಿಂತ ದೊಡ್ಡ ಹೆಡ್‌ಫೋನು. ಈ ಕಡೆ ನಾನು, ನಮ್ಮ ಯಜಮಾನರು, ರೆಕಾರ್ಡ್ ಮಾಡುವವನು. ಇವರು ಇದಕ್ಕೆಂದೇ ಬೇಕರಿಗೆ ರಜೆ ಹಾಕಿದ್ದರು. ಕೆಂಪು ದೀಪ ಹತ್ತಿತು. ಮನೆಯಲ್ಲಿ ಪಾತ್ರೆ ಒರೆಸುತ್ತಾ ಒರೆಸುತ್ತಾ ಮೇಲಿನ ಸ್ಥಾಯಿಗೆ ಹೋಗಿ ಇಳಿದು ಬರುವ ಹುಡುಗಿ, ಆ ದೀಪ ಕಂಡದ್ದೇ ಕಲ್ಲಾದಳು. ರೆಕಾರ್ಡ್ ಮಾಡುವವನು ಗುಂಡಿ ಒತ್ತಿ "ಶುರು ಮಾಡಮ್ಮ" ಅಂದ. ಮತ್ತೆ ಅಂದ. ಆಮೇಲೆ ಗಡಿಯಾರ ನೋಡಿ ಆಕಳಿಸಿದ. ಗುಬ್ಬಿಯ ಕಣ್ಣು ತುಂಬಿದ್ದು ಗಾಜಿನಿಂದಲೇ ಕಾಣಿಸಿತು.

ಸಂಗೀತ ಕಾಲೇಜಿಗೆ ಮೂರು ಹಾಡು ಕಳಿಸಬೇಕು, ಈ ತಿಂಗಳ ಕೊನೆಯೊಳಗೆ. ವಾದ್ಯ ಇರಬಾರದು, ಕತ್ತರಿಸಿ ಅಂಟಿಸಿರಬಾರದು, ಧ್ವನಿ ಸ್ಪಷ್ಟವಾಗಿರಬೇಕು. ಹಿಡಿಸಿದರೆ ಎದುರಿಗೆ ಕರೆಸಿ ಹಾಡಿಸುತ್ತಾರೆ. ಅವಳ ಹಾಡಿನ ಟೀಚರು ಕಡ್ಡಿ ಮುರಿದಂತೆ ಹೇಳಿದ್ದಾರೆ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ ಎಂದು. ಈ ಬಾಗಿಲು ಮುಚ್ಚಿದರೆ ನನ್ನ ಹಾಗೆ ಯಾವುದೋ ಡಿಪ್ಲೊಮಾ, ಆಸ್ಪತ್ರೆಯ ಹಿಂಬದಿಯಲ್ಲಿ ಯಾವುದೋ ಕತ್ತಲೆ ಕೋಣೆ. ಎಕ್ಸ್‌ರೇ ತೆಗೆಯುವುದು ಕೆಟ್ಟ ಕೆಲಸವೆಂದು ಹೇಳುತ್ತಿಲ್ಲ. ಆದರೆ ಅದಕ್ಕೆ ಅವಳ ಗಂಟಲು ಬೇಕಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗುಬ್ಬಿ ತಲೆ ಬಗ್ಗಿಸಿ ಕೂತಿದ್ದಳು. ನಮ್ಮ ಸ್ಟಾಪು ಬಂದಾಗ ಇವರು, "ಹೋಗ್ಲಿ ಬಿಡ್ರೇ, ಮನೇಲೇ ರೆಕಾರ್ಡ್ ಮಾಡೋಣ. ಕಂಪ್ಯೂಟರ್ ಸುಮ್ನೆ ಕೂತಿದೆಯಲ್ಲ" ಅಂದರು. ಗುಬ್ಬಿ ಆಗ ತಲೆಯೆತ್ತಿದಳು.

"ಮನೇಲಾದ್ರೆ ಹಾಡ್ತೀನಿ ಅಮ್ಮ."

ಸರಿ, ಮನೆಯಲ್ಲೇ. ನಾನೇ ನಿಂತು ಮಾಡಿಸುತ್ತೇನೆ.

ಫೆಬ್ರುವರಿ 5, ಬುಧವಾರ

ಕಂಪ್ಯೂಟರಿನ ತೂತಿಗೆ ನೇರವಾಗಿ ಮೈಕ್ ಸಿಕ್ಕಿಸಿ ನೋಡಿದೆವು. ಗುಬ್ಬಿಯ ಧ್ವನಿಯ ಹಿಂದೆ ಯಾರೋ ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತಿದ್ದ ಹಾಗೆ ಸುಯ್ ಸುಯ್. ಅತ್ತೆ ರೇಡಿಯೋ ಪಕ್ಕಕ್ಕಿಟ್ಟು ಕೇಳಿ, "ಹಾಡು ಚೆನ್ನಾಗಿ ಹುರಿದಿದೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಇದು ನಗುವ ವಿಷಯವಲ್ಲ.

ಡ್ಯೂಟಿ ಮುಗಿಸಿಕೊಂಡು ವಾದ್ಯಗಳ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ವಯಸ್ಸಿನವಳೇ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದಾಳೆ. ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡು ಹಾಡು ಕೇಳಿಸುವುದಕ್ಕೆ ಸಾಕು, ತುಂಬಿಸಿಕೊಳ್ಳುವುದಕ್ಕೆ ಸಾಲದು ಎಂದಳು. ಹೊರಗಿನಿಂದ ಜೋಡಿಸುವ ಕಾರ್ಡು ಬೇಕಂತೆ. "ಹಾಡೋರಿಗೂ ಕಂಪ್ಯೂಟರಿಗೂ ಮಧ್ಯೆ ದುಭಾಷಿ ಅಂತಿಟ್ಕೊಳ್ಳಿ. ದುಭಾಷಿ ತೊದಲಿದ್ರೆ ಎಷ್ಟು ಚೆನ್ನಾಗಿ ಹಾಡಿದ್ರೂ ವ್ಯರ್ಥ."

"ಅಗ್ಗದ್ದು, ಆದರೆ ಒಳ್ಳೆಯದು ಕೊಡಿ" ಅಂದೆ.

"ಎಲ್ಲರೂ ಅದನ್ನೇ ಕೇಳ್ತಾರೆ" ಎಂದು ನಕ್ಕಳು. "ಯಾರು ಹಾಡೋದು?"

"ನನ್ನ ಮಗಳು."

"ಕರ್ಕೊಂಡು ಬನ್ನಿ. ಹಾಡಿ ನೋಡಿ ತಗೊಳ್ಳಲಿ."

ಅವಳಿಗೆ ಹಾಡಿನ ಅಭ್ಯಾಸ ಮಾಡುವುದಿದೆ, ನಾನೇ ನೋಡುತ್ತೇನೆ ಎಂದೆ. ಎಲ್ಲಕ್ಕಿಂತ ಅಗ್ಗದ, ಹೆಬ್ಬೆರಳಿನಷ್ಟು ಉದ್ದದ ಒಂದನ್ನು ತಂದಿದ್ದೇನೆ.

ಫೆಬ್ರುವರಿ 6, ಗುರುವಾರ

ಎಣ್ಣೆ ಕಾಯುವುದು ಕಡಿಮೆಯಾಯಿತು, ಬೇರೆ ತಲೆನೋವು ಬಂತು. ಗುಬ್ಬಿ ಹಾಡಿದ್ದು ಅವಳ ಹೆಡ್‌ಫೋನಿಗೆ ತಡವಾಗಿ ಬರುತ್ತದೆ. "ನನ್ನ ಹಿಂದೆ ನಾನೇ ಓಡಿ ಬರ್ತಿದ್ದೀನಿ ಅನ್ಸುತ್ತೆ ಅಮ್ಮ" ಅಂದಳು. ತಾಳ ಹಾಕುವ ಕೈ ಒಂದು ಕಡೆ, ಹಾಡು ಇನ್ನೊಂದು ಕಡೆ.

ಇವರು ಬಾಗಿಲಲ್ಲಿ ನಿಂತು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋದು ಕೇಳಿದ್ದೆ. ಇಲ್ಲಿ ನಿಜವಾಗ್ಲೂ ನೆಲವೇ ಡೊಂಕು" ಅಂದರು. ಬೇಕರಿಯವರ ಮಾತಿಗೆ ಯಾವಾಗಲೂ ಸಕ್ಕರೆ ಜಾಸ್ತಿ.

ನಾಳೆ ವಾಪಸು ಕೊಡಬೇಕು.

ಫೆಬ್ರುವರಿ 9, ಭಾನುವಾರ

ಎರಡನೆಯದೂ ಆಗಲಿಲ್ಲ. ಎರಡು ಮೈಕಿನದು, ಯಾರೋ ಬಳಸಿ ಬಿಟ್ಟದ್ದು, ಅಂಗಡಿಯಾಕೆ ನೋಡಲು ಕೊಟ್ಟಿದ್ದಳು. ಗುಂಡಿ ತಿರುಗಿಸಿದರೆ ಗರಗರ. ನಮ್ಮ ಕಂಪ್ಯೂಟರು ಅದನ್ನು ಒಮ್ಮೆ ಗುರುತಿಸುತ್ತದೆ, ಇನ್ನೊಮ್ಮೆ ಯಾರಪ್ಪಾ ನೀನು ಅನ್ನುತ್ತದೆ. ಗುಬ್ಬಿ ಅರ್ಧ ಹಾಡಿಗೆ ಬಂದಾಗ ಅದು ಸತ್ತುಹೋಯಿತು.

"ಪರವಾಗಿಲ್ಲ ಅಮ್ಮ, ಇನ್ನೊಂದ್ಸಲ ಹಾಡ್ತೀನಿ" ಅಂದಳು. ಅವಳಿಗೆ ಪರವಾಗಿಲ್ಲ. ನನಗೆ ಹಾಗಲ್ಲ. ಇಡೀ ಭಾನುವಾರ ಕೂತು ಜನ ಬರೆದ ಅಭಿಪ್ರಾಯಗಳನ್ನು ಓದಿದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತಿಪ್ಪೆಗೆಸೆ ಅನ್ನುತ್ತಾನೆ. ಎಲ್ಲರೂ ಒಪ್ಪುವುದು ಒಂದೇ ಮಾತು: ಒಳ್ಳೆಯ ಮೈಕಿಲ್ಲದೆ ಒಳ್ಳೆಯ ಕಾರ್ಡು ವ್ಯರ್ಥ.

ಫೆಬ್ರುವರಿ 12, ಬುಧವಾರ

ಸಿಕ್ಕಿತು!

ಮುಷ್ಟಿಯಷ್ಟು ದೊಡ್ಡ ಪೆಟ್ಟಿಗೆ, ಒಂದೇ ಮೈಕಿನದು. ಹಾಡುವವರ ಧ್ವನಿಯನ್ನು ಕಂಪ್ಯೂಟರಿಗೆ ಸುತ್ತು ಹಾಕಿಸದೆ ನೇರ ಅವರ ಕಿವಿಗೇ ಕಳಿಸುತ್ತದೆ, ಹಾಗಾಗಿ ತಡವಿಲ್ಲ. ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮದ ಮೈಕಿಗೆ ಬೇಕಾದ ಕರೆಂಟು ತಾನೇ ಕೊಡುತ್ತದೆ. ಆ ಸೂಕ್ಷ್ಮದ ಮೈಕನ್ನೂ ತಂದೆ.

ಅಂಗಡಿಯಾಕೆಗೆ ಮನಸ್ಸಿರಲಿಲ್ಲ. "ಇದು ಸ್ಟುಡಿಯೋಗೆ ಸರಿ ಮೇಡಂ. ಮನೆಗೆ ಬಾಯಿ ಹತ್ತಿರದ್ದನ್ನ ಮಾತ್ರ ಕೇಳಿಸ್ಕೊಳ್ಳೋ ಮೈಕ್ ಸಾಕು. ಅದಕ್ಕೆ ಧ್ವನಿ ಹಿಗ್ಗಿಸೋ ಶಕ್ತಿ ಜಾಸ್ತಿ ಇರೋ ಕಾರ್ಡ್ ಹಾಕಿದ್ರೆ ಆಯ್ತು. ಎರಡೂ ಸೇರಿ ಇದಕ್ಕಿಂತ ಅಗ್ಗ."

"ಇದಕ್ಕಿಂತ ಒಳ್ಳೆಯದಾ?"

"ಒಳ್ಳೇದು ಅಂತ ಒಂದಿರಲ್ಲ. ಯಾರಿಗೆ, ಎಲ್ಲಿಗೆ ಅಂತ ಇರುತ್ತೆ."

ವ್ಯಾಪಾರದ ಮಾತು. ಒಳ್ಳೆಯದು ಒಳ್ಳೆಯದೇ.

ಸಂಜೆ ಗುಬ್ಬಿ ಒಂದು ಚರಣ ಹಾಡಿದಳು. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಷ್ಟು ಹತ್ತಿರದಿಂದ ಮಗಳ ಧ್ವನಿ ಕೇಳಿದ್ದು ಅವಳು ಎದೆಯ ಮೇಲೆ ಮಲಗುತ್ತಿದ್ದಾಗಲೇ ಇರಬೇಕು. ಸಾಲು ಮುಗಿದು ತುಟಿ ಬಿಚ್ಚಿಕೊಳ್ಳುವುದೂ ಕೇಳಿಸಿತು. ಅತ್ತುಬಿಟ್ಟೆ. ಇವರೂ ಕೇಳಿದರು, ಏನೂ ತಮಾಷೆ ಮಾಡಲಿಲ್ಲ.

ಆದರೆ ಎರಡನೆಯ ಸಲ ಕೇಳಿದಾಗ ಉಳಿದದ್ದೂ ಕೇಳಿಸಿತು. ಫ್ರಿಜ್ಜಿನ ಗುಂಯ್. ಹಜಾರದ ಗಡಿಯಾರ. ಇವರ ಚಪ್ಪಲಿ. ಮೇಲಿನ ಮನೆಯ ಮಗುವಿನ ಓಟ. ಅತ್ತೆಯ ಕೆಮ್ಮು. ಈ ಮನೆಯಲ್ಲಿ ಇಷ್ಟೊಂದು ಸದ್ದಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಫೆಬ್ರುವರಿ 14, ಶುಕ್ರವಾರ

ಮಾಡಿದ ಕೆಲಸ: ಗಡಿಯಾರದ ಬ್ಯಾಟರಿ ತೆಗೆದೆ. ಗುಬ್ಬಿಯ ಕೋಣೆಯ ಗೋಡೆಗೆಲ್ಲ ರಜಾಯಿ, ಹಳೇ ಕಂಬಳಿ ಹೊಡೆದೆ. ಎಲ್ಲರಿಗೂ ಬಟ್ಟೆಯ ಚಪ್ಪಲಿ. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ರಿಜ್ಜು, ಫ್ಯಾನು ಬಂದ್. ಈರುಳ್ಳಿ ಹುರಿಯುವುದು, ನಲ್ಲಿ ತಿರುಗಿಸುವುದು, ಸ್ನಾನದ ಮನೆಯಲ್ಲಿ ಇವರು ಗುನುಗುವುದು, ಯಾವುದೂ ಇಲ್ಲ. ಬಾಗಿಲ ಕೀಲಿಗೆಲ್ಲ ಎಣ್ಣೆ ಬಿಟ್ಟೆ.

ಗೋಡೆ ನೋಡಿ ಇವರು, "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದ್ರೆ ಇದೇ ಇರ್ಬೇಕು" ಅಂದರು.

"ರೀ, ನಿಮಗೆಲ್ಲ ಆಟ."

"ಆಟ ಅಲ್ಲ ಕಣೇ. ಹಾಡೋದು ಅವಳು ಅಂತ ಜ್ಞಾಪಿಸ್ದೆ ಅಷ್ಟೇ."

ಹಾಲು ಒಡೆದುಹೋಯಿತು, ಫ್ರಿಜ್ಜು ಹಾಕಲು ಮರೆತಿದ್ದೆ.

ಫೆಬ್ರುವರಿ 16, ಭಾನುವಾರ

ಬೆಳಗಿನಿಂದ ರೆಕಾರ್ಡಿಂಗ್. ಗುಬ್ಬಿ ಕೋಣೆಯೊಳಗೆ, ನಾನು ಬಾಗಿಲಾಚೆ. ಮೊದಲ ಹಾಡು ಮುಗಿಯುವಷ್ಟರಲ್ಲಿ ಮೇಲಿನ ಮನೆಯ ಮಗು ದಡದಡ ಓಡಿತು. ನಾನೇ ಮೆಟ್ಟಿಲು ಹತ್ತಿ ಹೋದೆ. ಅದರ ತಾಯಿ, "ಮಕ್ಕಳ ಕಾಲಿಗೆ ಬೀಗ ಹಾಕೋಕಾಗುತ್ತಾ?" ಅಂದಳು. ನಾನು ಏನಂದೆನೋ ಇಲ್ಲಿ ಬರೆಯುವುದಿಲ್ಲ. ಮಗು ಮತ್ತೆ ಓಡಲಿಲ್ಲ.

ಎರಡನೆಯ ಸಲ ಅತ್ತೆ ಕೆಮ್ಮಿದರು. ಮೂರನೆಯ ಸಲವೂ. ಬಾಯಿಗೆ ಸೆರಗು ಒತ್ತಿಕೊಂಡೇ ಕೆಮ್ಮಿದರು, ಆದರೂ ಮೈಕಿಗೆ ಬಿತ್ತು. ನಾನು ಅವರ ಕೋಣೆಯ ಬಾಗಿಲು ತೆರೆದು ನೋಡಿದೆ, ಅಷ್ಟೇ.

ಸಂಜೆ ಅತ್ತೆ ಚೀಲ ಹಿಡಿದು ನಿಂತಿದ್ದರು. "ನೋಡಮ್ಮ, ಮಗಳ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ. ಅವಳೂ ಕರೀತಾನೇ ಇದ್ಲು."

ಒಳ್ಳೆಯದೇ ಆಯಿತು. ನಾದಿನಿಯ ಮನೆಯಲ್ಲಿ ಬಿಸಿಲು ಚೆನ್ನಾಗಿ ಬರುತ್ತದೆ.

ಫೆಬ್ರುವರಿ 18, ಮಂಗಳವಾರ

ಕೆಲಸದಲ್ಲಿ ಒಂದು ತಮಾಷೆ. ಎದೆಯ ಎಕ್ಸ್‌ರೇಗೆ ಒಬ್ಬ ಮುದುಕರು ಬಂದಿದ್ದರು. ಎಂದಿನಂತೆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ" ಅಂದೆ. ಚಿತ್ರ ತೆಗೆದೆ. ನನ್ನ ತಲೆಯಲ್ಲಿ ಎರಡನೆಯ ಹಾಡಿನ ಅನುಪಲ್ಲವಿ. ಗಾಜಿನಾಚೆ ನೋಡಿದರೆ ಮುದುಕರು ಇನ್ನೂ ಹಾಗೇ ನಿಂತಿದ್ದಾರೆ, ಮುಖ ಕೆಂಪಗಾಗಿದೆ. "ಬಿಡಿ" ಅನ್ನುವುದನ್ನೇ ಮರೆತಿದ್ದೆ!

ಪಾಪ, ಬೈಯಲಿಲ್ಲ. "ನೀವು ಹೇಳ್ತೀರಿ ಅಂತ ಕಾಯ್ತಿದ್ದೆ" ಅಂದರು.

ಫೆಬ್ರುವರಿ 19, ಬುಧವಾರ

ಮನೆ ಈಗ ಎಷ್ಟು ಶಾಂತ. ಇವರು ಬೇಕರಿಯಲ್ಲೇ ಊಟ ಮುಗಿಸಿಕೊಂಡು ಬರುತ್ತಾರೆ, ತಟ್ಟೆ ಲೋಟದ ಗಲಾಟೆಯೂ ಇಲ್ಲ. ಗುಬ್ಬಿ ಪಾತ್ರೆ ಒರೆಸುವಾಗಲೂ ಹಾಡುವುದಿಲ್ಲ. ಗಂಟಲು ಉಳಿಸಿಕೊಳ್ಳುತ್ತಿದ್ದಾಳೆ. ಜಾಣೆ.

ಫೆಬ್ರುವರಿ 20, ಗುರುವಾರ

ಏನೋ ಸರಿಯಿಲ್ಲ. ಧ್ವನಿ ಸ್ವಚ್ಛವಾಗಿ ಬರುತ್ತಿದೆ, ಹಿಂದೆ ಒಂದು ಇರುವೆ ನಡೆದ ಸದ್ದೂ ಇಲ್ಲ. ಆದರೆ ಹಾಡು ಎದ್ದು ನಿಲ್ಲುತ್ತಿಲ್ಲ. ಕಾರ್ಡಿನ ತೊಂದರೆಯೇನೋ ಎಂದು ತಂತಿ ಬದಲಾಯಿಸಿ ನೋಡಿದೆ, ಗುಂಡಿಯನ್ನು ಒಂದೊಂದು ಎಳೆ ಏರಿಸಿ ಇಳಿಸಿ ನೋಡಿದೆ. ಕಂಪ್ಯೂಟರಿನಲ್ಲಿ ಅವಳ ಧ್ವನಿಯ ಗೆರೆ ಮೊದಲ ದಿನ ಬೆಟ್ಟದ ಸಾಲಿನಂತಿತ್ತು. ಇವತ್ತು ಅಂಚಿನ ಹೊಲಿಗೆಯಂತಿದೆ.

"ಇನ್ನೊಂದ್ಸಲ" ಅಂದೆ. ಹಾಡಿದಳು. "ಇನ್ನೊಂದ್ಸಲ." ಹಾಡಿದಳು. ಮೂರನೆಯ ಹಾಡಿನ ಕೊನೆಯ ಸಾಲು ಚೆನ್ನಾಗಿಯೇ ಬರುತ್ತಿತ್ತು, ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅಡುಗೆಮನೆಯಲ್ಲಿ ತಟ್ಟೆ ಬಿತ್ತು. ಉಕ್ಕಿನ ತಟ್ಟೆ. ಬಿದ್ದು, ಸುತ್ತಿ ಸುತ್ತಿ, ತನಗೆ ಬೇಕಾದಷ್ಟು ಹೊತ್ತು ಕುಣಿದು ಮಲಗಿತು.

ನಾನು ಹೋಗಿ ಕೂಗಾಡಿದೆ. ಇವರು ತಟ್ಟೆ ಎತ್ತಿಕೊಳ್ಳಲು ಬಗ್ಗಿದವರು ಬಗ್ಗಿದಂತೆಯೇ ನಿಂತರು.

"ಬೆಳಗಿನ ಜಾವದಿಂದ ಒಲೆ ಮುಂದೆ ನಿಂತು ಬಂದಿದ್ದೀನಿ ಕಣೇ. ಒಂದು ಬ್ರೆಡ್ ತಿನ್ನೋಣ ಅಂತ..."

"ಬೇಕರಿಯಲ್ಲಿ ಬ್ರೆಡ್ ಇರಲಿಲ್ವಾ?"

ಅವರು ತಟ್ಟೆಯನ್ನು ಸದ್ದಾಗದಂತೆ ಇಟ್ಟರು, ಬಟ್ಟೆಯ ಚಪ್ಪಲಿ ಬಿಟ್ಟರು, ಹೊರಗಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿದರು. ಮೆಟ್ಟಿಲಲ್ಲಿ ಹಾಕಿಕೊಂಡಿರಬೇಕು. ಗುಬ್ಬಿ ಕೋಣೆಯಿಂದ ಹೊರಗೆ ಬರಲೇ ಇಲ್ಲ. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದೆವು. ನನ್ನ ಕೂಗಾಟವೆಲ್ಲ ಅದರಲ್ಲಿದೆ. ಅಳಿಸಿದೆ.

ಫೆಬ್ರುವರಿ 22, ಶನಿವಾರ

ಕಿಟಕಿ ಪೂರ್ತಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ಗುಬ್ಬಿ ಹೇಳಿದ್ದಳು. ಬೆರಳು ಹೋಗುವಷ್ಟು ತೆರೆದರೆ ಎಷ್ಟು ಸದ್ದು ಒಳಗೆ ಬರುತ್ತದೆ ಎಂದು ನೋಡಬೇಕಿತ್ತು. ಮಧ್ಯಾಹ್ನ ಅವಳನ್ನು ಹೊರಗೆ ಕಳಿಸಿ ಕೋಣೆಯಲ್ಲಿ ಒಬ್ಬಳೇ ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ಕಾರ್ಡಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಮೊದಲು ಬರೀ ಗಾಳಿ. ಆಮೇಲೆ ಮಾತು. ಕಿಟಕಿಯಾಚೆ ಬಟ್ಟೆ ಒಣಗಿಸುವ ಜಾಗದಲ್ಲಿ ಅಪ್ಪ ಮಗಳು ಕೂತಿದ್ದರು. ಪಿಸುಮಾತು. ಕಿವಿಗೆ ಕೇಳಿಸುವಂಥದ್ದಲ್ಲ, ಮೈಕಿಗೆ ಕೇಳಿಸಿತು.

"ಅಪ್ಪ, ಬಿಸ್ಕೆಟ್ ಕಡೀಬೇಡ, ಸದ್ದಾಗುತ್ತೆ."

"ಕಡೀತಿಲ್ಲ ಕಣೇ, ಚೀಪ್ತಾ ಇದ್ದೀನಿ."

ಇಬ್ಬರೂ ಮೂಗಿನಲ್ಲೇ ನಕ್ಕರು.

"ಅಜ್ಜಿ ಯಾವಾಗ ಬರ್ತಾಳೆ?"

"ಅಜ್ಜಿ ನೆಂಟಸ್ತಿಕೆಗೆ ಹೋಗಿಲ್ಲ ಮಗಳೇ, ಕೆಮ್ಮೋದಕ್ಕೆ ಹೋಗಿದ್ದಾಳೆ. ಹೊಟ್ಟೆ ತುಂಬಾ ಕೆಮ್ಮಿ ಬರ್ತಾಳೆ."

ಹಗ್ಗದ ಮೇಲೆ ಬಟ್ಟೆ ಅಲ್ಲಾಡುವುದು ಕೇಳಿಸುತ್ತಿತ್ತು.

"ಅಪ್ಪ, ನಂಗೆ ಸೀಟು ಸಿಗದೆ ಇದ್ರೆ?"

"ಬೇಕರಿಗೆ ಬಾ. ಹಿಟ್ಟು ನಾದುವಾಗ ಎಷ್ಟು ಬೇಕಾದ್ರೂ ಹಾಡ್ಬಹುದು."

"ತಮಾಷೆ ಬೇಡ ಅಪ್ಪ. ಅಮ್ಮ ಏನ್ ಮಾಡ್ತಾಳೆ?"

ಇವರು ಬಿಸ್ಕೆಟ್ ಪೊಟ್ಟಣ ಮಡಿಚಿದ್ದು ಕೇಳಿಸಿತು. "ಗೊತ್ತಿಲ್ಲ ಕಣೇ" ಅಂದರು.

"ಕೆಂಪು ದೀಪಕ್ಕೆ ಈಗ ನಂಗೆ ಭಯ ಇಲ್ಲ. ಬಾಗಿಲಾಚೆ ಅಮ್ಮ ಉಸಿರು ಹಿಡ್ಕೊಂಡು ನಿಂತಿರ್ತಾಳಲ್ಲ, ಅದು ಕೇಳ್ಸುತ್ತೆ ಅಪ್ಪ. ಹಾಡ್ತಾ ಇದ್ರೂ ಅದೇ ಕೇಳ್ಸುತ್ತೆ. ಯಾವಾಗ ಬಿಡ್ತಾಳೋ ಅಂತ ಕಾಯ್ತಾ ಇರ್ತೀನಿ. ನನ್ನ ಉಸಿರೇ ಮರೆತುಹೋಗುತ್ತೆ."

ಹೆಡ್‌ಫೋನ್ ತೆಗೆದಿಟ್ಟೆ. ಗುಂಡಿಯನ್ನು ಕೆಳಗಿಳಿಸಿದೆ. ಕಿಟಕಿ ಮುಚ್ಚಿದೆ, ಸದ್ದಾಗದಂತೆ.

ಕಾರ್ಡಿನಲ್ಲಿ ದೋಷವೇನೂ ಇಲ್ಲ. ಚೆನ್ನಾಗಿಯೇ ಕೇಳಿಸುತ್ತದೆ.

ಫೆಬ್ರುವರಿ 23, ಭಾನುವಾರ

ರೆಕಾರ್ಡಿಂಗ್ ಇಲ್ಲ. ತಲೆನೋವು ಎಂದೆ. ಗುಬ್ಬಿ ಹಣೆಗೆ ಮುಲಾಮು ಹಚ್ಚಿದಳು. ಹಚ್ಚುವಾಗ ಅವಳ ಕೈ ತಣ್ಣಗಿತ್ತು.

ನನ್ನ ಬೆನ್ನ ಹಿಂದೆ ಹೀಗೆಲ್ಲ ಆಡಿಕೊಳ್ಳುತ್ತಾರಲ್ಲ. ಯಾರಿಗಾಗಿ ಮಾಡುತ್ತಿದ್ದೇನೆ ನಾನು ಇದನ್ನೆಲ್ಲ?

ಬಿಸ್ಕೆಟ್ ಚೀಪುವುದಂತೆ.

ಫೆಬ್ರುವರಿ 24, ಸೋಮವಾರ

ಡ್ಯೂಟಿಯಿಂದ ನೇರ ನಾದಿನಿಯ ಮನೆಗೆ ಹೋದೆ. ಯಾಕೆ ಹೋದೆನೆಂದರೆ, ಅತ್ತೆಯ ಔಷಧಿ ಮನೆಯಲ್ಲೇ ಉಳಿದಿತ್ತು. ಅವರು ಇದ್ದದ್ದು ಹಜಾರದ ಮೂಲೆಯಲ್ಲಿ, ಒಂದು ಮಡಿಚುವ ಮಂಚದ ಮೇಲೆ. ಬಿಸಿಲೇನೂ ಬರುತ್ತಿರಲಿಲ್ಲ. ನನ್ನನ್ನು ನೋಡಿ ಗಾಬರಿಯಲ್ಲಿ ಎದ್ದು ಕೂತರು.

"ಆಯ್ತೇನಮ್ಮ ರೆಕಾರ್ಡಿಂಗು?"

"ಇನ್ನೂ ಇಲ್ಲ ಅತ್ತೆ."

"ಹಾಗಾದ್ರೆ ಇಲ್ಲೇ ಇರ್ತೀನಿ ಬಿಡು. ನನ್ನಿಂದ ಮಗೂಗೆ ತೊಂದ್ರೆ ಆಗ್ಬಾರ್ದು." ಹೇಳುತ್ತಾ ಹೇಳುತ್ತಾ ಕೆಮ್ಮು ಬಂತು. ನನ್ನ ಮುಖ ನೋಡಿದರು. ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಲ್ಲಿ ಮೈಕೂ ಇರಲಿಲ್ಲ, ಕಾರ್ಡೂ ಇರಲಿಲ್ಲ, ನಾನೊಬ್ಬಳೇ ಇದ್ದೆ.

"ಕೆಮ್ಮಿ ಅತ್ತೆ" ಅಂದೆ. "ಪೂರ್ತಿ ಕೆಮ್ಮಿ."

ಬೆನ್ನು ನೀವಿದೆ. ಎದೆಯ ಗೂಡು ಕೈಗೆ ಹತ್ತುತ್ತಿತ್ತು. ದಿನಾ ಎಷ್ಟೋ ಜನರ ಎದೆ ನೋಡುವವಳು ನಾನು, ಮನೆಯ ಕೆಮ್ಮನ್ನು ಡಾಕ್ಟರಿಗೆ ತೋರಿಸಬೇಕೆಂದು ಹೊಳೆದಿರಲಿಲ್ಲ. ನಾಳೆ ಬೆಳಗ್ಗೆಗೆ ಹೆಸರು ಬರೆಸಿದ್ದೇನೆ. ಚೀಲ ನಾನೇ ಹಿಡಿದುಕೊಂಡೆ, ಆಟೋದಲ್ಲಿ ಕರೆತಂದೆ. ಬಾಗಿಲು ತೆರೆದ ಗುಬ್ಬಿ "ಅಜ್ಜೀ" ಎಂದು ಕಿರುಚಿ, ತಕ್ಷಣ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಇವರು ಬಂದಾಗ ಬಾಗಿಲಲ್ಲಿ ಬಟ್ಟೆಯ ಚಪ್ಪಲಿಯ ಬದಲು ಎಲ್ಲರದೂ ಎಂದಿನ ಚಪ್ಪಲಿ ಇಟ್ಟಿದ್ದೆ. ಹಾಕಿಕೊಂಡು ಟಪಟಪ ನಡೆದು ಹೋಗಿ ಕೈ ತೊಳೆದರು.

ಫೆಬ್ರುವರಿ 25, ಮಂಗಳವಾರ

ಅತ್ತೆಗೆ ಎದೆಯಲ್ಲಿ ಕಫ ಕಟ್ಟಿದೆ, ಬೇರೇನಿಲ್ಲ, ಮಾತ್ರೆಯಲ್ಲಿ ಹೋಗುತ್ತದೆಂದರು ಡಾಕ್ಟರು. ಚಿತ್ರ ನಾನೇ ತೆಗೆದೆ.

ಮಧ್ಯಾಹ್ನ ಕಾರ್ಡು, ಮೈಕು ಎರಡನ್ನೂ ಡಬ್ಬಿಗೆ ಹಾಕಿ ಗುಬ್ಬಿಯನ್ನು ಅಂಗಡಿಗೆ ಕರೆದುಕೊಂಡು ಹೋದೆ. ಗುಬ್ಬಿ ದಾರಿಯುದ್ದಕ್ಕೂ, "ಇದು ಚೆನ್ನಾಗೇ ಇದೆಯಲ್ಲ ಅಮ್ಮ, ಯಾಕೆ? ನಾನೇ ಸರಿಯಾಗಿ ಹಾಡ್ಲಿಲ್ಲ" ಅನ್ನುತ್ತಿದ್ದಳು. "ನಿನಗೆ ಯಾವುದು ಬೇಕೋ ನೋಡು" ಅಂದೆ.

ಅಂಗಡಿಯಾಕೆ ಕನ್ನಡಕ ಏರಿಸಿ, "ಅಂತೂ ಹಾಡೋರು ಬಂದ್ರು" ಅಂದಳು. ಮೇಜಿನ ಮೇಲೆ ನಾಲ್ಕೈದು ಕಾರ್ಡು ಸಾಲಾಗಿ ಇಟ್ಟು, ಒಂದು ಗುಂಡು ತಲೆಯ ಮೈಕನ್ನು ಗುಬ್ಬಿಯ ಕೈಗೇ ಕೊಟ್ಟಳು. ಗುಬ್ಬಿ ಮೈಕ್ ನೋಡಿದಳು, ನನ್ನನ್ನು ನೋಡಿದಳು.

"ಅಮ್ಮ, ಬೇಜಾರ್ ಮಾಡ್ಕೋಬೇಡ. ನೀನು ಸ್ವಲ್ಪ ಹೊರಗಿರ್ತೀಯಾ?"

ಬೇಜಾರೇನು. ರಸ್ತೆ ದಾಟಿ ಎದುರಿನ ಟೀ ಅಂಗಡಿಯಲ್ಲಿ ನಿಂತೆ. ಅಲ್ಲಿಂದ ಅಂಗಡಿಯ ಗಾಜು ಕಾಣುತ್ತದೆ. ಅವಳು ಹಾಡುತ್ತಿದ್ದಳು. ನಡುವೆ ಲಾರಿ, ಬಸ್ಸು, ಹಾರ್ನು, ಒಂದಕ್ಷರ ಕೇಳಿಸಲಿಲ್ಲ. ಒಂದು ಸಲ ಕಣ್ಣು ಮುಚ್ಚಿಕೊಂಡಳು. ಒಂದು ಸಲ ಅರ್ಧಕ್ಕೆ ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕಳು, ಅಂಗಡಿಯಾಕೆಯೂ ನಕ್ಕಳು. ಅದೇನು ತಮಾಷೆಯೋ. ಕೇಳಬೇಕೆಂದು ರಸ್ತೆಗೆ ಒಂದು ಕಾಲಿಟ್ಟಿದ್ದೆ, ಮತ್ತೆ ಹಿಂದೆ ತೆಗೆದೆ. ಟೀ ಆರಿಹೋಯಿತು, ಇನ್ನೊಂದು ತೆಗೆದುಕೊಂಡೆ.

ಆರಿಸಿದ್ದು ಕಪ್ಪು ಬಣ್ಣದ ಒಂದು ಸಾದಾ ಪೆಟ್ಟಿಗೆ. ಒಂದು ತೂತು, ಎರಡು ಗುಂಡಿ. ನೋಡುವುದಕ್ಕೆ ಏನೇನೂ ಇಲ್ಲ. ಆದರೆ ಈ ಮೈಕಿನ ಧ್ವನಿಯನ್ನು ಎಷ್ಟು ಹಿಗ್ಗಿಸಿದರೂ ಸುಯ್ ಅನ್ನುವುದಿಲ್ಲವಂತೆ. ಮೈಕು ಬಾಯಿಯ ಮುಂದಿನದನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ, ಉಳಿದದ್ದೆಲ್ಲ ದೂರದೂರ.

"ದೂರದ್ದು ಒಂಚೂರು ಬೀಳುತ್ತೆ ಅಮ್ಮ" ಅಂದಳು, ಬೈಸಿಕೊಳ್ಳಲು ಸಿದ್ಧಳಾದವಳ ಹಾಗೆ.

"ಬೀಳಲಿ" ಅಂದೆ.

ಅಂಗಡಿಯಾಕೆ ಹೆಚ್ಚಾದ ಹಣ ವಾಪಸು ಕೊಟ್ಟಳು. ಅದನ್ನು ಗುಬ್ಬಿಯ ಕೈಗೇ ಕೊಡಿ ಎಂದೆ.

ಫೆಬ್ರುವರಿ 27, ಗುರುವಾರ

ನಾನು ಮಧ್ಯಾಹ್ನದ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ವಾಪಸು ಬಂದಾಗ ಮೂರು ಹಾಡೂ ಮುಗಿದಿತ್ತು, ಕಳಿಸಿಯೂ ಆಗಿತ್ತು. ಗೋಡೆಯ ಕಂಬಳಿಗಳನ್ನು ಮಡಿಚಿ ಮಂಚದ ಮೇಲೆ ಒಟ್ಟಿದ್ದರು. ಇವರು ಟೀ ಕಾಯಿಸುತ್ತಾ ಶ್ರುತಿ ತಪ್ಪಿದ ರಾಗದಲ್ಲಿ ಏನನ್ನೋ ಎಳೆಯುತ್ತಿದ್ದರು.

"ಹೇಗಾಯ್ತು?" ಅಂದೆ.

"ಆಯ್ತು" ಅಂದಳು ಗುಬ್ಬಿ. ಆಮೇಲೆ, "ಕೇಳ್ತೀಯಾ ಅಮ್ಮ?"

ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯ ಗೆರೆ ಕಾಣುತ್ತಿತ್ತು, ಏರು ತಗ್ಗು, ಏರು ತಗ್ಗು. ಹೆಡ್‌ಫೋನ್ ಅವಳ ಕೊರಳಲ್ಲಿತ್ತು. ಕೇಳಿದರೆ ನಾನು ಏನಾದರೂ ಅಂದೇ ಅನ್ನುತ್ತೇನೆ. ನನಗೆ ನನ್ನ ಬಾಯಿ ಗೊತ್ತು.

"ನೀನೇ ಯಾವಾಗ್ಲಾದ್ರೂ ಹಾಡು, ಕೇಳ್ತೀನಿ" ಅಂದೆ.

ಮಾರ್ಚ್ 11, ಮಂಗಳವಾರ

ಎದುರಿಗೆ ಹಾಡಲು ಕರೆದಿದ್ದಾರೆ! ಸುದ್ದಿ ಗುಬ್ಬಿಯ ಫೋನಿಗೆ ಬಂದಿತ್ತು. ಮೊದಲು ಅಜ್ಜಿಗೆ ಹೇಳಿದಳು, ಆಮೇಲೆ ಬೇಕರಿಗೆ ಫೋನ್ ಮಾಡಿದಳು, ಆಮೇಲೆ ನನಗೆ. ಮೂರನೆಯವಳಾದರೇನು, ಸುದ್ದಿ ಅದೇ ತಾನೆ.

ಜೊತೆಗೆ ಒಬ್ಬರು ಬರಬಹುದಂತೆ. ಊಟದ ಹೊತ್ತಿನಲ್ಲಿ ಅವಳು ತಟ್ಟೆ ನೋಡುತ್ತಾ, "ಅಪ್ಪ ಬರ್ಲಿ" ಅಂದಳು. ಇವರು ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದರು.

"ಹೌದು, ಅಪ್ಪನೇ ಹೋಗ್ಲಿ. ನನಗೆ ರಜೆ ಸಿಗೋದೂ ಕಷ್ಟ" ಅಂದೆ.

ರಜೆ ಬೇಕಾದಷ್ಟಿದೆ.

ಮಾರ್ಚ್ 19, ಬುಧವಾರ

ಮೊದಲು ಫಲಿತಾಂಶ ಬರೆದುಬಿಡುತ್ತೇನೆ. ಪೂರ್ತಿ ಕೋರ್ಸಿಗೆ ತೆಗೆದುಕೊಳ್ಳಲಿಲ್ಲ. ಒಂದು ವರ್ಷದ ತಯಾರಿ ತರಗತಿಗೆ ಸೇರಿಸಿಕೊಂಡಿದ್ದಾರೆ, ಅದು ಮುಗಿದರೆ ವಯಸ್ಸಿನ ತಡೆ ಇಲ್ಲದೆ ಮುಂದಕ್ಕೆ ಬಿಡುತ್ತಾರಂತೆ. ಧ್ವನಿ ದೊಡ್ಡದು, ಉಸಿರಿನ ಮೇಲೆ ಇನ್ನೂ ಕೆಲಸ ಆಗಬೇಕು ಎಂದರಂತೆ. ಇವರು ಖುಷಿಗೆ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಕೈ ಕುಲುಕಿ, ಆಮೇಲೆ ಅವರು ಯಾರೆಂದು ಗೊತ್ತಾಗಲಿಲ್ಲವಂತೆ.

ಬೆಳಗ್ಗೆ ಅವರಿಬ್ಬರನ್ನು ಕಳಿಸಿದ ಮೇಲೆ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಇವರಿಗೆ ಹೇಳಿಲ್ಲ. ಅತ್ತೆ ಮಲಗಿದ್ದರು. ಕಪಾಟು ತೆಗೆದು ಬಟ್ಟೆ ಮಡಿಚಿದೆ, ಮಡಿಚಿದ್ದನ್ನೇ ಮತ್ತೆ ಮಡಿಚಿದೆ. ಫೋನ್ ಬಂತು. ಗುಬ್ಬಿ.

"ಅಮ್ಮ, ಎಲ್ಲಿದ್ದೀಯ?" ಕಾಲೇಜಿನ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ನಿಂತಿದ್ದಳಂತೆ. "ಇನ್ನೊಬ್ಬರಾದ ಮೇಲೆ ನಾನು. ಗಂಟಲು ಕಟ್ಟಿದೆ. ಅಪ್ಪ ಜೋಕ್ ಮೇಲೆ ಜೋಕ್ ಹೇಳ್ತಿದ್ದಾನೆ, ನಂಗೆ ನಗು ಬರ್ತಿಲ್ಲ."

ಏನು ಹೇಳಲಿ? ಉಸಿರು ನಿಧಾನ ಎಳೆದುಕೋ, ಭುಜ ಸಡಿಲ ಬಿಡು, ಮೊದಲ ಸಾಲಿಗೆ ಆತುರ ಪಡಬೇಡ. ಎಲ್ಲ ಬಾಯಿಗೆ ಬಂತು. ಹೇಳಲಿಲ್ಲ. ಸುಮ್ಮನಾದೆ.

"ಅಮ್ಮ, ಸುಮ್ನಿರಬೇಡ. ಏನಾದ್ರೂ ಮಾತಾಡು."

"ಏನು ಮಾತಾಡ್ಲಿ?"

"ಏನಾದ್ರೂ. ನಿನ್ನ ಧ್ವನಿ ಕೇಳ್ಸಲಿ."

ಪಕ್ಕದ ಮನೆಯ ಬೆಕ್ಕು ಬೆಳಗ್ಗೆ ಮರಿ ಹಾಕಿತ್ತು. ಅದನ್ನೇ ಶುರು ಮಾಡಿದೆ. ಇವರ ಒಳ್ಳೆಯ ಬೂಟು ಹೊರಗೆ ಒಣಗಲು ಇಟ್ಟಿದ್ದೆನಲ್ಲ, ಅದರೊಳಗೇ ಹಾಕಿದೆ, ಅದಕ್ಕೇ ಅಪ್ಪ ಇವತ್ತು ಹಳೇ ಬೂಟು ಮೆಟ್ಟಿಕೊಂಡು ಬಂದಿರೋದು, ನೋಡು ಬೇಕಾದರೆ, ಎಡಗಾಲಿಂದು ಬಾಯಿ ಬಿಟ್ಟಿದೆ. ಗುಬ್ಬಿ "ಹೌದಾ?" ಅಂದಳು. ಒಂದು ಬೂಟಿನಲ್ಲಿ ಎರಡು ಮರಿ, ಇನ್ನೊಂದರಲ್ಲಿ ಒಂದು, ಆ ಒಂದು ಮರಿ ಒಂಟಿಯಾಗಿ ಎಷ್ಟು ಗಲಾಟೆ ಮಾಡುತ್ತದೆಂದರೆ ಅಜ್ಜಿ ನಿದ್ದೆಯಲ್ಲೇ ಯಾರೋ ಬಾಗಿಲು ಬಡಿಯುತ್ತಿದ್ದಾರೆ ನೋಡಮ್ಮ ಅಂದರು. ಆ ಕಡೆ ಒಂದು ಸಣ್ಣ ನಗು ಕೇಳಿಸಿತು. ಪಕ್ಕದ ಮನೆಯಾಕೆ ಬಂದು, ಬೂಟು ನಿಮ್ಮದು, ಹಾಗಾಗಿ ಮರಿಗಳೂ ನಿಮ್ಮವೇ ಅನ್ನುತ್ತಾಳೆ, ಇದ್ಯಾವ ನ್ಯಾಯ, ನಾನು ಸುಮ್ಮನೆ ಬಿಡಲಿಲ್ಲ, ಏನಂದೆ ಗೊತ್ತಾ...

ಅವಳು ಫೋನ್ ಇಟ್ಟದ್ದು ಯಾವಾಗಲೋ ತಿಳಿಯಲಿಲ್ಲ. ಅವಳನ್ನು ಕರೆದಿರಬೇಕು. ಪಕ್ಕದ ಮನೆಯಾಕೆಗೆ ನಾನು ಅಂದದ್ದನ್ನು ಪೂರ್ತಿ ಹೇಳಿ ಮುಗಿಸಿಯೇ ಫೋನ್ ಕೆಳಗಿಟ್ಟೆ.